ಸಾರ್ವಜನಿಕ ಅಲಂಕಾರಿಕ ಕಾರಂಜಿಗಳ ವಿನ್ಯಾಸ ಮತ್ತು ನಿರ್ಮಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಂಜಿಯನ್ನು ನೋಡಲು ಬಂದವರ ಕಣ್ಣು ನೀರು ಏರುವ ಕಡೆಗೇ ಹೋಗುತ್ತದೆ. ಅದನ್ನು ಕಟ್ಟುವವರು ಮೊದಲು ನೋಡಬೇಕಾದದ್ದು ನೀರು ಬೀಳುವ ಜಾಗವನ್ನು ಮತ್ತು ಬಿದ್ದ ನೀರು ಪಂಪಿನ ಬಾಯಿಗೆ ಮರಳುವ ದಾರಿಯನ್ನು. ಉದ್ಘಾಟನೆಯ ದಿನ ಸೊಗಸಾಗಿ ಚಿಮ್ಮಿ, ಎರಡು ಮೂರು ವರ್ಷಗಳಲ್ಲೇ ಬತ್ತಿ ನಿಂತ ಕಾರಂಜಿಗಳನ್ನು ಬಿಚ್ಚಿ ನೋಡಿದಾಗಲೆಲ್ಲ ನನಗೆ ಕಂಡ ಕೊರತೆ ಹೆಚ್ಚಾಗಿ ಈ ಮರಳುವ ದಾರಿಯಲ್ಲೇ ಇತ್ತು. ಉದ್ಯಾನ, ಚೌಕ ಅಥವಾ ಕಚೇರಿಯ ಆವರಣದಲ್ಲಿ ಕಾರಂಜಿ ಕಟ್ಟಿಸಲು ಹೊರಟ ವಾಸ್ತುಶಿಲ್ಪಿಗಳು, ಎಂಜಿನಿಯರುಗಳು ಮತ್ತು ನಿರ್ವಾಹಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ವಿನ್ಯಾಸವನ್ನು ಎಲ್ಲಿಂದ ಆರಂಭಿಸಬೇಕು?

ಆಯ್ದುಕೊಂಡ ಜಾಗದಲ್ಲಿ ದಿನದ ಬೇರೆ ಬೇರೆ ಹೊತ್ತಿನಲ್ಲಿ ನಿಂತು ಗಾಳಿಯನ್ನೂ ಬೆಳಕನ್ನೂ ಗಮನಿಸುವುದರಿಂದ ಆರಂಭಿಸಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಎತ್ತರದ ಕಟ್ಟಡದ ಮೂಲೆಯಲ್ಲಿ ಅದು ಸುಳಿಯಾಗಿ ತಿರುಗುತ್ತದೆಯೇ, ಜನ ಯಾವ ಬದಿಯಲ್ಲಿ ನಡೆಯುತ್ತಾರೆ, ಮರಗಳ ಎಲೆ ಎಲ್ಲಿ ಉದುರುತ್ತದೆ ಎಂಬ ನಾಲ್ಕು ಸಂಗತಿಗಳು ತಿಳಿದರೆ ಕೊಳದ ಅಗಲ ಬಹುಪಾಲು ತಾನಾಗಿಯೇ ನಿಶ್ಚಯವಾಗುತ್ತದೆ. ನೀರು ಚಿಮ್ಮುವ ನಳಿಕೆಯಿಂದ ಕೊಳದ ಅಂಚಿಗೆ ಇರುವ ದೂರ ಕನಿಷ್ಠಪಕ್ಷ ಧಾರೆಯ ಎತ್ತರದಷ್ಟಿರಲಿ ಎಂಬುದು ಹಳೆಯ, ನಂಬಬಹುದಾದ ಲೆಕ್ಕ. ಗಾಳಿ ಸದಾ ಬೀಸುವ ಬಯಲಿನಲ್ಲಿ ಅಷ್ಟೂ ಸಾಲದು. ಕೊಳವನ್ನು ಅಷ್ಟು ಅಗಲ ಮಾಡಲು ಜಾಗವಿಲ್ಲದಿದ್ದರೆ ಧಾರೆಯ ಎತ್ತರವನ್ನು ಇಳಿಸಬೇಕು. ಎತ್ತರವನ್ನು ಹಾಗೆಯೇ ಉಳಿಸಿಕೊಂಡು ಸುತ್ತಲಿನ ಕಲ್ಲುಹಾಸು ದಿನವಿಡೀ ಒದ್ದೆಯಾಗಿರುವಂತೆ ಬಿಟ್ಟರೆ, ಅಲ್ಲಿ ಪಾಚಿ ಕಟ್ಟಿ ಜಾರಿ ಬೀಳುವವರು ವಯಸ್ಸಾದವರು ಮತ್ತು ಮಕ್ಕಳು.

ಬೇಕಾದ ಎತ್ತರಕ್ಕೆ ಎಷ್ಟು ದೊಡ್ಡ ಪಂಪು ಬೇಕೆಂದು ಹೇಗೆ ಲೆಕ್ಕ ಹಾಕುವುದು?

ನಳಿಕೆಯ ಬಾಯಿಂದ ಹೊರಬೀಳುವ ವೇಗವೇ ಎತ್ತರವನ್ನು ನಿರ್ಧರಿಸುತ್ತದೆ. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ, ಗಾಳಿಯ ತಡೆಯೇ ಇಲ್ಲದಿದ್ದರೆ ನೀರು ಏರಬಹುದಾದ ಎತ್ತರ ಸಿಗುತ್ತದೆ. ಉದಾಹರಣೆಗೆ 4 ಮೀಟರ್ ಎತ್ತರದ ಧಾರೆಗೆ ಸೆಕೆಂಡಿಗೆ ಸುಮಾರು 8.9 ಮೀಟರ್ ವೇಗ ಬೇಕು. ನಳಿಕೆಯ ಬಾಯಿಯ ವ್ಯಾಸ 12 ಮಿ.ಮೀ. ಆಗಿದ್ದರೆ ಅದರಿಂದ ಸೆಕೆಂಡಿಗೆ ಹೆಚ್ಚುಕಡಿಮೆ 1 ಲೀಟರ್ ನೀರು ಹೊರಬರುತ್ತದೆ. ಅಂಥ 10 ಧಾರೆಗಳಿಗೆ ಸೆಕೆಂಡಿಗೆ 10 ಲೀಟರ್. ಗಾಳಿಯ ತಡೆ, ನಳಿಕೆ, ಬಾಗು, ವಾಲ್ವ್ ಮತ್ತು ಪೈಪಿನೊಳಗಿನ ಘರ್ಷಣೆಗಳನ್ನೆಲ್ಲ ಸೇರಿಸಿ ಒಟ್ಟು 7 ಮೀಟರ್ ಹೆಡ್ (ಪಂಪು ಕೊಡಬೇಕಾದ ಒತ್ತಡವನ್ನು ನೀರಿನ ಎತ್ತರವಾಗಿ ಹೇಳುವ ಅಳತೆ) ಎಂದಿಟ್ಟುಕೊಂಡರೆ ನೀರಿಗೆ ಕೊಡಬೇಕಾದ ಶಕ್ತಿ ಸುಮಾರು 690 ವ್ಯಾಟ್. ಪಂಪಿನ ದಕ್ಷತೆ ಶೇಕಡಾ 60 ಆದರೆ ಅದನ್ನು ತಿರುಗಿಸುವ ಶಾಫ್ಟಿನಲ್ಲಿ 1.15 ಕಿಲೋವ್ಯಾಟ್ ಬೇಕಾಗುವುದರಿಂದ 1.5 ಕಿಲೋವ್ಯಾಟಿನ ಮೋಟಾರು ಸರಿಹೋಗುತ್ತದೆ. ಮುಖ್ಯ ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ 1.5 ಮೀಟರಿನ ಆಸುಪಾಸಿನಲ್ಲಿರಲು 100 ಮಿ.ಮೀ. ಪೈಪು ಬೇಕು, ಪಂಪಿಗೆ ನೀರು ಬರುವ ಬದಿಯಲ್ಲಿ ಅದಕ್ಕಿಂತ ಒಂದು ಅಳತೆ ದೊಡ್ಡದು.

ಇಲ್ಲಿ ಎರಡು ತಪ್ಪುಗಳು ಮರುಕಳಿಸುತ್ತವೆ. ಪಂಪುಕೋಣೆ ಕೊಳಕ್ಕಿಂತ 3 ಮೀಟರ್ ಕೆಳಗಿದೆಯೆಂದು ಆ 3 ಮೀಟರನ್ನೂ ಹೆಡ್ಡಿಗೆ ಕೂಡಿಸುವುದು ಮೊದಲನೆಯದು. ಕೊಳದ ನೀರೇ ಇಳಿದು ಬಂದು ಮತ್ತೆ ಕೊಳದ ಮಟ್ಟಕ್ಕೆ ಏರುವುದರಿಂದ ಆ ಎತ್ತರ ಎರಡೂ ಕಡೆ ವಜಾ ಆಗುತ್ತದೆ, ಉಳಿಯುವುದು ಘರ್ಷಣೆ ಮತ್ತು ಧಾರೆಯ ಎತ್ತರ ಮಾತ್ರ. ನಳಿಕೆಯನ್ನು ಸ್ವಲ್ಪ ದಪ್ಪ ಮಾಡಿದರೆ ಸ್ವಲ್ಪ ಹೆಚ್ಚು ನೀರು ಸಾಕೆಂದುಕೊಳ್ಳುವುದು ಎರಡನೆಯದು. ಬಾಯಿಯ ವ್ಯಾಸ ಇಮ್ಮಡಿಯಾದರೆ ಅದೇ ಎತ್ತರಕ್ಕೆ ನಾಲ್ಕು ಪಟ್ಟು ನೀರು ಬೇಕು.

ಲೆಕ್ಕದ ಎತ್ತರಕ್ಕೂ ನಿಜವಾದ ಎತ್ತರಕ್ಕೂ ಎಷ್ಟು ವ್ಯತ್ಯಾಸವಿರುತ್ತದೆ?

ಸಣ್ಣ ಎತ್ತರದ ದಪ್ಪ ಧಾರೆಯಲ್ಲಿ ವ್ಯತ್ಯಾಸ ಅಲ್ಪ. ಎತ್ತರ ಹೆಚ್ಚಿದಂತೆ ಧಾರೆ ಹನಿಹನಿಯಾಗಿ ಒಡೆದು ಗಾಳಿಯ ತಡೆಗೆ ಸಿಕ್ಕುತ್ತದೆ. ಜಿನೀವಾ ಸರೋವರದ ಹೆಸರಾಂತ ಧಾರೆಯಲ್ಲಿ ನೀರು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಆ ವೇಗಕ್ಕೆ ಲೆಕ್ಕದ ಎತ್ತರ 157 ಮೀಟರ್, ಏರುವುದು 140 ಮೀಟರ್. ಅದಕ್ಕಾಗಿ ಸೆಕೆಂಡಿಗೆ 500 ಲೀಟರ್ ನೀರು ಬೇಕಾಗುತ್ತದೆ. 1886ರಲ್ಲಿ ಆ ಧಾರೆ ಹುಟ್ಟಿದ್ದು ಅಲಂಕಾರಕ್ಕಾಗಿ ಅಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಕಾರ್ಯಾಗಾರಗಳಿಗೆ ಒತ್ತಡದ ನೀರು ಕೊಡುತ್ತಿದ್ದ ಜಲಶಕ್ತಿ ಕೇಂದ್ರದಲ್ಲಿ, ಸಂಜೆ ಯಂತ್ರಗಳು ನಿಂತಾಗ ಏರುತ್ತಿದ್ದ ಒತ್ತಡವನ್ನು ಹೊರಬಿಡುವ ದಾರಿಯಾಗಿತ್ತು ಅದು. ಜನರಿಗೆ ಹಿಡಿಸಿದ್ದರಿಂದ 1891ರಲ್ಲಿ ಸರೋವರದ ಬದಿಗೆ ಬಂದಿತು.

ಯಾವ ಬಗೆಯ ನಳಿಕೆಯನ್ನು ಆಯ್ದುಕೊಳ್ಳಬೇಕು?

ಕಾರಂಜಿಯ ಸ್ವಭಾವವೆಲ್ಲ ನಳಿಕೆಯಲ್ಲಿದೆ, ಆದ್ದರಿಂದ ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸುವುದು ಒಳ್ಳೆಯದು. ನಯವಾದ ಒಳಮೈಯ ಸಾದಾ ನಳಿಕೆ ಗಾಜಿನ ಕಡ್ಡಿಯಂಥ ತೆಳುಧಾರೆ ಕೊಡುತ್ತದೆ. ಅದಕ್ಕೆ ನೀರು ಕಡಿಮೆ ಸಾಕು, ಆದರೆ ಬಿಳಿಯ ಆಕಾಶದ ಹಿನ್ನೆಲೆಯಲ್ಲಿ ಹಗಲು ಹೊತ್ತು ಅದು ಕಣ್ಣಿಗೆ ಬೀಳುವುದೇ ಇಲ್ಲ. ಹಿಂದೆ ಮರಗಳ ಹಸಿರೋ ಕಪ್ಪು ಕಲ್ಲಿನ ಗೋಡೆಯೋ ಇದ್ದರೆ ಮಾತ್ರ ಅದರ ಅಂದ ತೋರುತ್ತದೆ. ಗಾಳಿ ಬೆರೆಸುವ ನಳಿಕೆ ಸುತ್ತಲಿನ ಗಾಳಿಯನ್ನು ಎಳೆದುಕೊಂಡು ನೊರೆನೊರೆಯಾದ ಬಿಳಿ ಕಂಬವನ್ನು ಎಬ್ಬಿಸುತ್ತದೆ. ದೂರದಿಂದಲೂ ಕಾಣುತ್ತದೆ, ರಾತ್ರಿಯ ದೀಪವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಒತ್ತಡವೂ ನೀರೂ ಹೆಚ್ಚು ಬೇಡುತ್ತದೆ. ಈ ಬಗೆಯ ಕೆಲವು ನಳಿಕೆಗಳು ಕೊಳದ ನೀರಿನ ಮಟ್ಟವನ್ನೇ ಅವಲಂಬಿಸಿರುತ್ತವೆ. ಮಟ್ಟ ಎರಡು ಸೆಂಟಿಮೀಟರ್ ಇಳಿದರೂ ಅವುಗಳ ಆಕಾರ ಕೆಡುವುದರಿಂದ, ಅಂಥವನ್ನು ಆರಿಸಿದವರು ಮಟ್ಟ ಕಾಯುವ ವ್ಯವಸ್ಥೆಗೂ ಹಣ ಇಡಬೇಕು.

ಗಂಟೆಯಂತೆಯೋ ಅಣಬೆಯಂತೆಯೋ ಹರಡುವ ತೆಳು ನೀರಿನ ಪೊರೆ ಹತ್ತಿರದಿಂದ ಬಹಳ ಚೆಲುವಾಗಿ ಕಾಣುತ್ತದೆ, ಆದರೆ ಅದು ನೀರಿನ ಮೇಲ್ಮೈ ಸೆಳೆತದಿಂದ ನಿಂತಿರುವಂಥದ್ದು. ಸಣ್ಣ ಗಾಳಿಗೂ ಒಡೆದುಹೋಗುತ್ತದೆ, ಆದ್ದರಿಂದ ಒಳಾಂಗಣಕ್ಕೋ ಗೋಡೆಗಳ ಮರೆಯಿರುವ ಅಂಗಳಕ್ಕೋ ಮಾತ್ರ ಒಪ್ಪುತ್ತದೆ. ಅಲುಗಾಡದ ಗಾಜಿನ ಕಮಾನಿನಂತೆ ಬಾಗಿ ಬೀಳುವ ಪದರಧಾರೆಯ ಗುಟ್ಟು ಬೇರೆ. ಅಗಲವಾದ ಡಬ್ಬಿಯೊಳಗೆ ನೀರನ್ನು ಸ್ಪಂಜು, ಜಾಲರಿ ಮತ್ತು ಒತ್ತೊತ್ತಾಗಿ ಜೋಡಿಸಿದ ಸಣ್ಣ ಕೊಳವೆಗಳ ಮೂಲಕ ಹಾಯಿಸಿ ಅದರ ಸುಳಿಗಳನ್ನೆಲ್ಲ ತಣಿಸಿ, ಕೊನೆಗೆ ಹರಿತವಾದ ಅಂಚಿನ ಒಂದು ತೂತಿನಿಂದ ಹೊರಬಿಡುತ್ತಾರೆ. ಆ ತೂತಿನ ಅಂಚಿಗೆ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಕಮಾನು ಒಡೆದು ಚದುರುತ್ತದೆ. ಅಂಥ ಧಾರೆ ಬೇಕೆನ್ನುವವರು ಸೂಕ್ಷ್ಮ ಸೋಸುವಿಕೆಗೆ ಒಪ್ಪಿದ್ದಾರೆಂದೇ ಅರ್ಥ.

ಎಲ್ಲ ಧಾರೆಗಳೂ ಒಂದೇ ಎತ್ತರಕ್ಕೆ ಏರುವಂತೆ ಮಾಡುವುದು ಹೇಗೆ?

ಒಂದೇ ಉದ್ದನೆಯ ಪೈಪಿಗೆ ಸಾಲಾಗಿ ನಳಿಕೆಗಳನ್ನು ಜೋಡಿಸಿದರೆ ಮೊದಲಿನ ಮತ್ತು ಕೊನೆಯ ಧಾರೆಗಳ ಎತ್ತರ ಒಂದೇ ಆಗಿರುವುದಿಲ್ಲ. ತಾಜ್ ಮಹಲಿನ ಕಾರಂಜಿಗಳನ್ನು ಕಟ್ಟಿದವರು ಇದಕ್ಕೆ ಕಂಡುಕೊಂಡ ಉಪಾಯವನ್ನು ಓದಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ನೀರು ತರುವ ಕೊಳವೆಯನ್ನು ಅವರು ನೇರವಾಗಿ ಧಾರೆಗೆ ಜೋಡಿಸದೆ ಪ್ರತಿ ಧಾರೆಯ ಕೆಳಗೂ ಒಂದು ತಾಮ್ರದ ಪಾತ್ರೆ ಇಟ್ಟರು. ಪಾತ್ರೆಗಳು ತುಂಬಿ, ಅವುಗಳೊಳಗಿನ ಒತ್ತಡ ಸಮನಾಗಿ, ಧಾರೆಗಳು ಒಟ್ಟಿಗೆ ಏಳುತ್ತಿದ್ದವು. ಇಂದು ನಾವು ಮಾಡುವುದೂ ತತ್ವದಲ್ಲಿ ಅದನ್ನೇ. ನಳಿಕೆಗಳಿಗೆ ನೀರು ಹಂಚುವ ಪೈಪನ್ನು ಉಂಗುರದಂತೆ ಸುತ್ತಿಸಿ ಎರಡು ಕಡೆಯಿಂದ ನೀರು ಕೊಡುತ್ತೇವೆ, ಅದರೊಳಗಿನ ವೇಗ ತೀರ ಕಡಿಮೆಯಿರುವಷ್ಟು ದಪ್ಪವಾಗಿಡುತ್ತೇವೆ, ಪ್ರತಿ ನಳಿಕೆಯ ಕೆಳಗೂ ಸರಿಹೊಂದಿಸುವ ವಾಲ್ವ್ ಇಡುತ್ತೇವೆ. ವಾಲ್ವ್ ಇದೆಯೆಂದು ಪೈಪನ್ನು ಕಿರಿದು ಮಾಡುವುದು ಸಲ್ಲದು. ಪಂಪು ಕೊಟ್ಟ ಒತ್ತಡವನ್ನು ವಾಲ್ವಿನಲ್ಲಿ ಕೊಂದು ಎತ್ತರ ಸರಿಮಾಡುವುದೆಂದರೆ ವಿದ್ಯುತ್ತನ್ನು ವ್ಯರ್ಥಮಾಡುವುದೇ ಸರಿ.

ಪಂಪುಗಳಿಲ್ಲದ ಕಾಲದಲ್ಲಿ ಕಾರಂಜಿಗಳು ಹೇಗೆ ನಡೆಯುತ್ತಿದ್ದವು?

ನೀರಿನ ಮೂಲವನ್ನು ಎತ್ತರದಲ್ಲಿಟ್ಟು ನಡೆಸುತ್ತಿದ್ದರು. 1762ರಲ್ಲಿ ಮುಗಿದ ರೋಮಿನ ಟ್ರೆವಿ ಕಾರಂಜಿಗೆ ನೀರು ತಂದದ್ದು ಕ್ರಿ.ಪೂ. 19ರಲ್ಲಿ ಕಟ್ಟಿದ ಕಾಲುವೆ. ರಷ್ಯಾದ ಪೀಟರ್‌ಹೋಫ್ ಅರಮನೆಯ ತೋಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಎತ್ತರದ ಬುಗ್ಗೆಗಳಿಂದ ಕಾಲುವೆಯಲ್ಲಿ ಬರುವ ನೀರು ಇಂದಿಗೂ ಪಂಪಿಲ್ಲದೆ ಚಿಮ್ಮುತ್ತದೆ. ಇದಕ್ಕೆ ಪ್ರತಿಯಾಗಿ, ಫ್ರಾನ್ಸಿನ ದೊರೆಯ ವರ್ಸೇ ಅರಮನೆಯಲ್ಲಿ ಅಂಥ ಎತ್ತರದ ಮೂಲವಿರಲಿಲ್ಲ. 1684ರಲ್ಲಿ ಸೇನ್ ನದಿಯ ಮೇಲೆ 14 ದೊಡ್ಡ ನೀರುಚಕ್ರಗಳ ಮಾರ್ಲಿ ಯಂತ್ರವನ್ನು ನಿಲ್ಲಿಸಿ 150 ಮೀಟರಿಗೂ ಹೆಚ್ಚು ಎತ್ತರಕ್ಕೆ ನೀರೆತ್ತಿದರೂ ಎಲ್ಲ ಕಾರಂಜಿಗಳನ್ನು ಒಟ್ಟಿಗೆ ನಡೆಸುವಷ್ಟು ನೀರು ಸಿಗಲಿಲ್ಲ. ದೊರೆ ಸಮೀಪಿಸಿದಾಗ ಕಾರಂಜಿಯ ಕೆಲಸದವರು ಸೀಟಿ ಊದಿ ಒಬ್ಬರಿಗೊಬ್ಬರು ತಿಳಿಸಿ, ಅವನು ಹೋಗುವ ದಾರಿಯ ಧಾರೆಗಳನ್ನಷ್ಟೇ ತೆರೆಯುತ್ತಿದ್ದರು. ಚಿಮ್ಮಿದ ನೀರನ್ನೇ ಮತ್ತೆ ಬಳಸುವ ಅನುಕೂಲ ನಮಗಿದೆ, ಅದನ್ನು ಲಘುವಾಗಿ ಕಾಣಬಾರದು.

ಅಂಚಿನಿಂದ ಪರದೆಯಂತೆ ಇಳಿಯುವ ನೀರು ಅಲ್ಲಲ್ಲಿ ತುಂಡಾಗುವುದೇಕೆ?

ಅಂಚು ಮಟ್ಟವಾಗಿಲ್ಲದಿರುವುದೇ ಹತ್ತರಲ್ಲಿ ಎಂಟು ಸಲ ಕಾರಣ. ಅಂಚಿನ ಮೇಲೆ 10 ಮಿ.ಮೀ. ದಪ್ಪ ನೀರು ನಿಂತರೆ ಪ್ರತಿ ಮೀಟರ್ ಉದ್ದಕ್ಕೆ ಸೆಕೆಂಡಿಗೆ ಸುಮಾರು 1.8 ಲೀಟರ್ ಹರಿಯುತ್ತದೆ. 5 ಮಿ.ಮೀ. ನಿಂತರೆ ಹರಿಯುವುದು ಅದರ ಅರ್ಧವಲ್ಲ, ಮೂರನೇ ಒಂದು ಭಾಗಕ್ಕೆ ಹತ್ತಿರದಷ್ಟು ಮಾತ್ರ. ಹೀಗಾಗಿ ಒಂದು ತುದಿ 5 ಮಿ.ಮೀ. ಎತ್ತರವಿದ್ದರೂ ಅಲ್ಲಿ ಪರದೆ ಎಳೆಎಳೆಯಾಗುತ್ತದೆ.

ಆರು ಮೀಟರ್ ಉದ್ದದ ಗ್ರಾನೈಟ್ ಅಂಚನ್ನು ಒಮ್ಮೆ ನಾವು ರಸಮಟ್ಟ ಇಟ್ಟು ಕೂರಿಸಿದ್ದೆವು. ಕಲ್ಲು ಕಲ್ಲಿಗೂ ಗುಳ್ಳೆ ನಡುವೆಯೇ ನಿಂತಿತ್ತು, ಆದರೂ ನೀರು ಬಿಟ್ಟಾಗ ಎಡತುದಿಯ ಮುಕ್ಕಾಲು ಮೀಟರ್ ಒಣಗಿಯೇ ಉಳಿಯಿತು. ಪ್ರತಿ ಕಲ್ಲಿನಲ್ಲೂ ಕಣ್ಣಿಗೆ ಕಾಣದಷ್ಟು ಸೇರಿದ ಇಳಿಜಾರು ಆರು ಮೀಟರಿನಲ್ಲಿ ಕೂಡಿಕೊಂಡಿತ್ತು. ನೀರು ತುಂಬಿದ ಟ್ಯೂಬ್ ಲೆವೆಲನ್ನು ಎರಡೂ ತುದಿಗೆ ಹಿಡಿದಾಗ ವ್ಯತ್ಯಾಸ 6 ಮಿ.ಮೀ. ಎಂದು ತಿಳಿಯಿತು. ಕಲ್ಲನ್ನು ಕಿತ್ತು ಕೂರಿಸುವ ಬದಲು ಅದರ ಹಿಂಬದಿಗೆ ಉದ್ದತೂತುಗಳಿರುವ ಸ್ಟೇನ್‌ಲೆಸ್ ಉಕ್ಕಿನ ಪಟ್ಟಿಯನ್ನು ಬೋಲ್ಟ್ ಹಾಕಿ ಬಿಗಿದು, ನೀರು ಹರಿಯುತ್ತಿರುವಾಗಲೇ ಕೂದಲೆಳೆಯಷ್ಟು ಮೇಲೆ ಕೆಳಗೆ ಸರಿಸಿ ಮಟ್ಟಕ್ಕೆ ತಂದೆವು. ಅಂದಿನಿಂದ ಅಂಥ ಪಟ್ಟಿಯನ್ನು ನಕ್ಷೆಯಲ್ಲೇ ಸೇರಿಸುತ್ತೇನೆ. ಪಟ್ಟಿಯ ತುದಿ ಮುಂದಕ್ಕೆ ಚಾಚಿರಬೇಕು, ಇಲ್ಲವಾದರೆ ಚೊಂಬಿನ ಮೂತಿಯಿಂದ ಇಳಿಯುವ ಹಾಲಿನಂತೆ ನೀರು ಗೋಡೆಗೇ ಅಂಟಿ ಇಳಿಯುತ್ತದೆ. ಎತ್ತರದ ಪರದೆಯ ಹಿಂದೆ ಗಾಳಿಯಾಡಲು ದಾರಿ ಇರಬೇಕು. ದಾರಿ ಇಲ್ಲದಿದ್ದರೆ ಇಳಿಯುವ ನೀರು ಹಿಂದಿನ ಗಾಳಿಯನ್ನು ಎಳೆದೊಯ್ಯುವುದರಿಂದ ಪರದೆ ಒಳಕ್ಕೆ ಸೆಳೆದು ಪಟಪಟನೆ ಅಲುಗುತ್ತದೆ.

ಕೊಳ ಎಷ್ಟು ಆಳವಿರಬೇಕು? ಇಳಿದು ಬರುವ ನೀರನ್ನು ಹಿಡಿದಿಡುವ ಬ್ಯಾಲೆನ್ಸ್ ಟ್ಯಾಂಕ್ ಬೇಕೇ?

ಸಾಮಾನ್ಯವಾಗಿ 30ರಿಂದ 45 ಸೆಂಟಿಮೀಟರ್ ಸಾಕು. ಇನ್ನೂ ಆಳ ಮಾಡುವುದರಿಂದ ಅಂದ ಹೆಚ್ಚುವುದಿಲ್ಲ, ಮಗು ಬಿದ್ದರೆ ಅಪಾಯ ಹೆಚ್ಚುತ್ತದೆ. ಪಂಪು ನೀರು ಎಳೆಯುವ ಜಾಗದಲ್ಲಿ ಮಾತ್ರ ತಗ್ಗು ಗುಂಡಿ ಇರಲಿ. ಅಲ್ಲಿ ಆಳ ಸಾಲದಿದ್ದರೆ ನೀರು ಸುಳಿಗಟ್ಟಿ ಪಂಪು ಗಾಳಿ ಕುಡಿಯುತ್ತದೆ.

ನೇರ ಧಾರೆಗಳು ಗಾಳಿಯಲ್ಲಿ ಹಿಡಿದಿಡುವ ನೀರು ಅತ್ಯಲ್ಪ. ಮೇಲೆ ಲೆಕ್ಕ ಹಾಕಿದ 10 ಧಾರೆಗಳಲ್ಲಿ ಯಾವ ಕ್ಷಣದಲ್ಲೂ ಮೇಲಿರುವುದು ಸುಮಾರು 18 ಲೀಟರ್ ಮಾತ್ರ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಾರಂಜಿಯಲ್ಲಿ ಹಾಗಲ್ಲ. ಮೇಲಿನ ತೊಟ್ಟಿಗಳ ಒಟ್ಟು ವಿಸ್ತಾರ 20 ಚದರ ಮೀಟರ್ ಇದ್ದು, ಅಂಚು ದಾಟಲು ನೀರು 20 ಮಿ.ಮೀ. ಏರಬೇಕಾದರೆ 400 ಲೀಟರ್ ನೀರು ಅಲ್ಲಿಯೇ ನಿಲ್ಲುತ್ತದೆ. ಪಂಪು ನಿಂತ ಕೂಡಲೆ ಅದೆಲ್ಲ ಕೆಳಗಿಳಿಯುತ್ತದೆ. ಕೆಳಗಿನ ಕೊಳಕ್ಕೆ ಆ ನೀರನ್ನು ಹಿಡಿಯುವ ಅವಕಾಶವಿಲ್ಲದಿದ್ದರೆ ಪ್ರತಿ ರಾತ್ರಿ ಉಕ್ಕಿ ಹರಿದು, ಪ್ರತಿ ಬೆಳಿಗ್ಗೆ ಹೊಸ ನೀರು ತುಂಬಬೇಕಾಗುತ್ತದೆ. ಅಂಥಲ್ಲಿಯೂ, ಕೊಳವೇ ಇಲ್ಲದೆ ನೆಲದಿಂದ ಚಿಮ್ಮುವ ಕಾರಂಜಿಗಳಲ್ಲಿಯೂ ನೆಲದಡಿಯ ಬ್ಯಾಲೆನ್ಸ್ ಟ್ಯಾಂಕ್ ಬಿಡುವಂತಿಲ್ಲ.

ಗಾಳಿ ಜೋರಾದಾಗ ಏನು ಮಾಡಬೇಕು?

ಗಾಳಿಮಾಪಕವನ್ನು ಕಾರಂಜಿಯ ಎತ್ತರದಲ್ಲಿ, ಕಟ್ಟಡದ ಮರೆಯಿಲ್ಲದ ಕಡೆ ನಿಲ್ಲಿಸಿ, ಗಾಳಿ ಹೆಚ್ಚಿದಂತೆ ಧಾರೆ ಹಂತಹಂತವಾಗಿ ತಗ್ಗುವಂತೆಯೂ ಕೊನೆಗೆ ನಿಲ್ಲುವಂತೆಯೂ ಹೊಂದಿಸಬೇಕು. ಪಂಪಿನ ವೇಗ ಬದಲಿಸುವ ಡ್ರೈವ್ ಇದ್ದರೆ ಇದು ಸುಲಭ. ಉಳಿತಾಯವೂ ಸಣ್ಣದಲ್ಲ: ವೇಗವನ್ನು ಶೇಕಡಾ 80ಕ್ಕೆ ಇಳಿಸಿದರೆ ಧಾರೆ ಶೇಕಡಾ 64ರಷ್ಟು ಎತ್ತರಕ್ಕೆ ಇಳಿಯುತ್ತದೆ, ವಿದ್ಯುತ್ತಿನ ಬಳಕೆ ಸುಮಾರು ಅರ್ಧಕ್ಕೆ ಬರುತ್ತದೆ. ಜನ ವಿರಳವಾಗಿರುವ ಮಧ್ಯಾಹ್ನಗಳಲ್ಲಿ ಗಾಳಿಯಿಲ್ಲದಿದ್ದರೂ ಹೀಗೆ ತಗ್ಗಿಸಿಡುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ನೀರಿನಲ್ಲಿ ವಿದ್ಯುತ್ ಇರುವುದರಿಂದ ಯಾವ ಎಚ್ಚರ ಬೇಕು?

ಇದರಲ್ಲಿ ರಾಜಿ ಎಂಬುದಿಲ್ಲ. ಜನ ಇಳಿಯಬಹುದಾದ ನೀರಿನೊಳಗಿನ ದೀಪಗಳು 12 ವೋಲ್ಟಿನವೇ ಆಗಿರಬೇಕು, ಅವುಗಳ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಕೊಳದಿಂದ ಹೊರಗಿರಬೇಕು. ಸೋರುವ ವಿದ್ಯುತ್ 30 ಮಿಲಿಆಂಪಿಯರ್ ಮುಟ್ಟುವ ಮೊದಲೇ ಕಡಿತಗೊಳಿಸುವ ಸಾಧನ ಪ್ರತಿ ಸರ್ಕೀಟಿಗೂ ಇರಬೇಕು, ಲೋಹದ ಭಾಗಗಳನ್ನೆಲ್ಲ ಒಂದಕ್ಕೊಂದು ಬೆಸೆದು ಭೂಸಂಪರ್ಕಕ್ಕೆ ಸೇರಿಸಿರಬೇಕು. ಇಲ್ಲಿ ಇಳಿಯಬೇಡಿ ಎಂಬ ಫಲಕವಿದೆಯೆಂದು 230 ವೋಲ್ಟಿನ ಮುಳುಗು ಪಂಪನ್ನು ತೆರೆದ ಕೊಳದಲ್ಲಿ ಇಡಬಾರದು, ಏಕೆಂದರೆ ಬಿಸಿಲಿನಲ್ಲಿ ಆಡುವ ಮಗು ಫಲಕ ಓದುವುದಿಲ್ಲ. ನೀರೆಳೆಯುವ ಬಾಯಿಗೂ ಇಷ್ಟೇ ಗಮನ ಸಲ್ಲಬೇಕು. ಒಂದರ ಬದಲು ದೂರದೂರ ಇಟ್ಟ ಎರಡು ಬಾಯಿಗಳು, ಮೇಲೆ ಅಗಲವಾದ ಉಬ್ಬು ಜಾಲರಿ, ಜಾಲರಿಯಲ್ಲಿ ನೀರಿನ ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತ ಕಡಿಮೆ. ಕೈಯೋ ಕೂದಲೋ ಸಿಕ್ಕಿಕೊಳ್ಳದಿರಲು ಇರುವ ದಾರಿ ಇದೇ.

ಮಕ್ಕಳು ಆಡುವ ಕಾರಂಜಿಯ ನೀರಿಗೂ ನೋಡುವ ಕಾರಂಜಿಯ ನೀರಿಗೂ ವ್ಯತ್ಯಾಸವಿದೆಯೇ?

ಬಹಳ ಇದೆ. ನೋಡುವ ಕಾರಂಜಿಯ ನೀರು ನಾಲ್ಕಾರು ಗಂಟೆಗೊಮ್ಮೆ ಪೂರ್ತಿ ಸೋಸುಯಂತ್ರದ ಮೂಲಕ ಹಾದುಹೋದರೆ ಸಾಕು. ನೆಲದಿಂದ ಚಿಮ್ಮಿ ಮಕ್ಕಳ ಮೈಮೇಲೆ ಬಿದ್ದು ಅದೇ ತೊಟ್ಟಿಗೆ ಇಳಿಯುವ ನೀರನ್ನು ಈಜುಕೊಳದ ನೀರಿಗಿಂತಲೂ ಬಿಗಿಯಾಗಿ ನೋಡಿಕೊಳ್ಳಬೇಕು, ಏಕೆಂದರೆ ನೀರು ಕಡಿಮೆ, ಆಡುವವರು ಹೆಚ್ಚು, ಕೆಲವರು ಅದನ್ನು ಕುಡಿಯುತ್ತಾರೆ. ಕ್ಲೋರಿನ್ ಮತ್ತು ಪಿಎಚ್ (ನೀರಿನ ಆಮ್ಲತೆಯ ಅಳತೆ) ಅಳೆದು ತಾನಾಗಿ ಸರಿಪಡಿಸುವ ಯಂತ್ರ ಇಲ್ಲಿ ಕಡ್ಡಾಯವೆಂದೇ ಭಾವಿಸಬೇಕು. ಪಿಎಚ್ 7.2ರಿಂದ 7.8ರ ನಡುವೆ ಇಲ್ಲದಿದ್ದರೆ ಹಾಕಿದ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕ್ಲೋರಿನ್ನಿಗೂ ಬಗ್ಗದ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಗೆ ನೇರಳಾತೀತ ದೀಪ ಬೇಕು. 2005ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಉದ್ಯಾನದಲ್ಲಿ ಇಂಥ ಆಟದ ಕಾರಂಜಿಯಿಂದ ಸಾವಿರಾರು ಜನರಿಗೆ ಅದರ ಸೋಂಕು ತಗಲಿ ಭೇದಿಯಾಯಿತು.

ನೋಡುವ ಕಾರಂಜಿಯೂ ಅಪಾಯದಿಂದ ಮುಕ್ತವಲ್ಲ. 20ರಿಂದ 45 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಿಂತ ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಸಣ್ಣ ತುಂತುರಿನೊಂದಿಗೆ ಶ್ವಾಸಕೋಶ ಸೇರುತ್ತದೆ. ನೀರು ಹರಿಯದೆ ಉಳಿಯುವ ಕುರುಡು ಪೈಪುಗಳನ್ನು ನಕ್ಷೆಯ ಹಂತದಲ್ಲೇ ತೆಗೆದುಹಾಕಬೇಕು. ವಾರಗಟ್ಟಲೆ ನಿಂತ ಕಾರಂಜಿಯನ್ನು ಶುದ್ಧಗೊಳಿಸದೆ ಮತ್ತೆ ಚಾಲೂ ಮಾಡಬಾರದು.

ನೀರು ಎಷ್ಟು ಖರ್ಚಾಗುತ್ತದೆ? ಇಳಿಯುತ್ತಿರುವುದು ಆವಿಯೋ ಸೋರಿಕೆಯೋ ತಿಳಿಯುವುದು ಹೇಗೆ?

ದಿನಕ್ಕೆ 5 ಮಿ.ಮೀ. ಆವಿಯಾದರೆ 80 ಚದರ ಮೀಟರಿನ ಕೊಳದಿಂದ 400 ಲೀಟರ್ ಹೋಗುತ್ತದೆ, ತುಂತುರು ಹಾರಿಹೋಗುವುದು ಇದಕ್ಕೆ ಹೊರತು. ಆವಿಯಾದ ನೀರು ತನ್ನ ಲವಣವನ್ನು ಕೊಳದಲ್ಲೇ ಬಿಟ್ಟುಹೋಗುವುದರಿಂದ ಗಡಸು ನೀರು ದಿನದಿನಕ್ಕೆ ಇನ್ನಷ್ಟು ಗಡಸಾಗಿ, ನಳಿಕೆಯ ಬಾಯಲ್ಲಿ ಬಿಳಿಯ ಸುಣ್ಣ ಕಟ್ಟುತ್ತದೆ. ಆದ್ದರಿಂದ ಆಗಾಗ ಸ್ವಲ್ಪ ನೀರು ಹೊರಬಿಟ್ಟು ಹೊಸದನ್ನು ಸೇರಿಸಬೇಕು.

ಸೋರಿಕೆಯ ಅನುಮಾನವಿದ್ದರೆ ಪಂಪು ನಿಲ್ಲಿಸಿ, ಒಂದು ಬಕೆಟಿಗೆ ಕೊಳದ ನೀರನ್ನೇ ತುಂಬಿ ಕೊಳದೊಳಗೆ ಇಟ್ಟು, ಬಕೆಟಿನ ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗೆರೆ ಎಳೆದು ಒಂದು ದಿನ ಬಿಡಿ. ಎರಡೂ ಸಮನಾಗಿ ಇಳಿದಿದ್ದರೆ ಆವಿ, ಹೊರಗಿನದು ಹೆಚ್ಚು ಇಳಿದಿದ್ದರೆ ಸೋರಿಕೆ. ಪಂಪು ನಡೆಯುವಾಗ ಮಾತ್ರ ಹೆಚ್ಚು ಇಳಿಯುತ್ತಿದ್ದರೆ ಪೈಪಿನ ಜೋಡಣೆಗಳನ್ನು ಮೊದಲು ನೋಡಬೇಕು. ಕೊಳವೇ ಸೋರುವುದಾದರೆ, ಪೈಪು ಕಾಂಕ್ರೀಟನ್ನು ಹಾದುಹೋಗುವ ಜಾಗದಲ್ಲಿ ಹುಡುಕಿ. ಪೈಪಿನ ಸುತ್ತ ನೀರು ತಡೆಯುವ ಲೋಹದ ಬಿಲ್ಲೆಯನ್ನು ಕಾಂಕ್ರೀಟ್ ಸುರಿಯುವ ಮೊದಲೇ ಕೂರಿಸದಿದ್ದರೆ ಆಮೇಲೆ ಬಳಿದ ಯಾವ ಲೇಪವೂ ಹೆಚ್ಚು ಕಾಲ ನಿಲ್ಲುವುದಿಲ್ಲ.

ಸಂಗೀತದ ತಾಳಕ್ಕೆ ಧಾರೆ ಹೇಗೆ ಹೊಂದುತ್ತದೆ?

ವಾಲ್ವ್ ತೆರೆದ ಮೇಲೆ 4 ಮೀಟರಿನ ಧಾರೆ ತುದಿ ಮುಟ್ಟಲು 0.9 ಸೆಕೆಂಡ್ ಬೇಕು, 20 ಮೀಟರಿನದಕ್ಕೆ 2 ಸೆಕೆಂಡ್. ತಾಳ ಬೀಳುವ ಹೊತ್ತಿಗೆ ನೀರು ತುದಿಯಲ್ಲಿರಬೇಕಾದರೆ ಆದೇಶವನ್ನು ಅಷ್ಟು ಮೊದಲೇ ಕಳುಹಿಸಬೇಕು, ಪ್ರತಿ ಎತ್ತರಕ್ಕೂ ಬೇರೆ ಬೇರೆ ಮುಂಗಡ. ವಾಲ್ವನ್ನು ಥಟ್ಟನೆ ಮುಚ್ಚಿದರೆ ಪೈಪಿನೊಳಗೆ ನೀರಿನ ಬಡಿತ ಉಂಟಾಗಿ ಜೋಡಣೆಗಳು ಸಡಿಲವಾಗುವುದರಿಂದ, ಮುಚ್ಚಿದಾಗ ನೀರನ್ನು ಕೊಳಕ್ಕೆ ತಿರುಗಿಸುವ ಮೂರು ದಾರಿಯ ವಾಲ್ವ್ ಮೇಲು.

ಕಾರಂಜಿಯ ಸದ್ದನ್ನೂ ವಿನ್ಯಾಸ ಮಾಡಬಹುದೇ?

ಮಾಡಬಹುದು, ಮಾಡಬೇಕು ಕೂಡ. ಬೀಳುವ ನೀರಿನ ಸದ್ದು ಬಹುಪಾಲು ಹುಟ್ಟುವುದು ಅದು ಒಳಗೆ ಸೆಳೆದುಕೊಂಡ ಗಾಳಿಗುಳ್ಳೆಗಳ ಕಂಪನದಿಂದ. ಗುಳ್ಳೆ ದೊಡ್ಡದಾದಷ್ಟೂ ಸ್ವರ ತಗ್ಗುತ್ತದೆ ಎಂಬುದನ್ನು ಖಗೋಳಶಾಸ್ತ್ರಜ್ಞ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ಲೆಕ್ಕದಿಂದ ತೋರಿಸಿದರು. 1 ಮಿ.ಮೀ. ತ್ರಿಜ್ಯದ ಗುಳ್ಳೆ ಸುಮಾರು 3,300 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, 3 ಮಿ.ಮೀ. ಆದರೆ ಸುಮಾರು 1,100ರಲ್ಲಿ. ತೆಳುಧಾರೆ ಆಳವಿಲ್ಲದ ನೀರಿಗೆ ಬಿದ್ದಾಗ ಕಿಣಿಕಿಣಿ ಎನ್ನುವುದಕ್ಕೂ ದಪ್ಪಧಾರೆ ಆಳದ ನೀರಿಗೆ ಧುಮುಕಿದಾಗ ಗಂಭೀರವಾಗುವುದಕ್ಕೂ ಇದೇ ಕಾರಣ. ರಸ್ತೆಯ ಸದ್ದನ್ನು ಮರೆಸಲು ದಪ್ಪಧಾರೆ ಬೇಕು. ಆಸ್ಪತ್ರೆಯ ಅಂಗಳದಲ್ಲಿ ಕಲ್ಲಿನ ಮೇಲೆ ಜಾರಿ ಇಳಿಯುವ ನೀರು ಸಾಕು.

ಪಂಪುಕೋಣೆಗೆ ಜಾಗ ಕಡಿಮೆ ಮಾಡಿದರೆ ಆಗುವುದಿಲ್ಲವೇ?

ಈ ಉಳಿತಾಯವೇ ಕಾರಂಜಿಗಳ ಆಯುಸ್ಸನ್ನು ಕಡಿಮೆ ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪಂಪಿಗೆ ಕಸ ಹೋಗದಂತೆ ತಡೆಯುವ ಸೋಸುಬುಟ್ಟಿಯನ್ನು ಬಹುಶಃ ದಿನವೂ ತೆಗೆದು ತೊಳೆಯಬೇಕಾಗುತ್ತದೆ. ಅದನ್ನು ತೆಗೆಯುವವರು ಮಂಡಿಯೂರಿ, ತಲೆ ಬಗ್ಗಿಸಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಕೆಲಸ ಮಾಡಬೇಕಾದರೆ ದಿನದ ಕೆಲಸ ವಾರಕ್ಕೊಮ್ಮೆಯಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ನಾನು ನೋಡಿದ ಒಂದು ಕಾರಂಜಿಯಲ್ಲಿ ಬುಟ್ಟಿಯ ಮುಚ್ಚಳಕ್ಕೂ ಮೇಲಿನ ಚಪ್ಪಡಿಗೂ ನಡುವೆ ಒಂದು ಗೇಣು ಜಾಗವಿತ್ತು, ಬುಟ್ಟಿಯ ಉದ್ದ ಒಂದೂವರೆ ಗೇಣು. ಪೈಪು ಕತ್ತರಿಸದೆ ಅದನ್ನು ಹೊರತೆಗೆಯುವ ದಾರಿಯೇ ಇರಲಿಲ್ಲ. ತೆರೆದಾಗ ಒಳಗೆ ಎಲೆಗಳು ಒತ್ತಿ ಒತ್ತಿ ಇಟ್ಟಿಗೆಯಂತೆ ಗಟ್ಟಿಯಾಗಿದ್ದವು. ಪಂಪು ಎರಡು ಸಲ ಸುಟ್ಟಿತ್ತು, ಎರಡು ಸಲವೂ ಪಂಪನ್ನಷ್ಟೇ ಬದಲಿಸಿದ್ದರು.

ಮನುಷ್ಯ ನೆಟ್ಟಗೆ ನಿಲ್ಲುವಷ್ಟು ಎತ್ತರ, ಪ್ರತಿ ಪಂಪಿನ ಸುತ್ತ ನಡೆಯುವಷ್ಟು ಜಾಗ, ಗಾಳಿ ಬೆಳಕು, ನೆಲದಲ್ಲಿ ನೀರು ಹೊರಹೋಗುವ ಗುಂಡಿಯೂ ಅದಕ್ಕೊಂದು ಸಣ್ಣ ಪಂಪೂ, ಗೋಡೆಯ ಮೇಲೆ ಯಾವ ವಾಲ್ವ್ ಯಾವ ಧಾರೆಗೆಂದು ಬರೆದ ನಕ್ಷೆ, ಇಷ್ಟನ್ನು ಮೊದಲ ರೇಖಾಚಿತ್ರದಲ್ಲೇ ಗುರುತಿಸಿಕೊಳ್ಳಿ. ನಕ್ಷೆಯನ್ನು ಒಪ್ಪುವ ಮುನ್ನ, ಮುಂದೆ ಅಲ್ಲಿ ಕೆಲಸ ಮಾಡಲಿರುವವರನ್ನು ಕರೆದು ಬುಟ್ಟಿಯನ್ನು ಹೇಗೆ ತೆಗೆಯುತ್ತೀರಿ ಎಂದು ಕೇಳಿ.